ಮೆಟ್ಟಿಲೆಣಿಸುವ ಭಾವ

ಲಿಫ್ಟ್ ರಿಪೇರಿಯ ಈ ಮನುಷ್ಯನನ್ನು ಬೀದಿಯವರೆಲ್ಲ ‘ದ್ವೀಪದ ಭಾವ’ ಎಂದೇ ಕರೆಯುವುದು. ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪಕ್ಕೆ ಹೋಗುವ ತಯಾರಿಯನ್ನು ಅವರು ಒಂಬತ್ತು ವರ್ಷದಿಂದ ಮಾಡುತ್ತಲೇ ಇದ್ದಾರೆ. ಬಂದರಿನಿಂದ ಕೋಟೆಗೆ ಬಸ್ಸು ಎಷ್ಟು ಹೊತ್ತಿಗೆ, ಯಾವ ತೀರದಲ್ಲಿ ಮರಳು, ಎಲ್ಲಿ ಬರೀ ಕಲ್ಲು, ಎಲ್ಲವೂ ಅವರಿಗೆ ಬಾಯಿಪಾಠ. ಪ್ರವಾಸ ಮುಗಿಸಿ ಬಂದವರು ಸಿಕ್ಕರೆ ಸಮುದ್ರ ಹೇಗಿತ್ತು ಎಂದು ಕೇಳುವವರಲ್ಲ, “ಅದಿರ್ಲಿ, ಮೆಟ್ಟಿಲು ಎಷ್ಟಿತ್ತು?” ಎನ್ನುತ್ತಾರೆ. ಮುನ್ನೂರು ಮೆಟ್ಟಿಲಿನ ಕೋಟೆಗೂ ಇಪ್ಪತ್ತು ಮೆಟ್ಟಿಲಿನ ಗಂಟೆಗೋಪುರಕ್ಕೂ ಅವರ ಪಟ್ಟಿಯಲ್ಲಿ ಕೆಂಪು ಗೀಟು ಬಿದ್ದಿದೆ. “ಕಸುಬಿನ ಬುದ್ಧಿ ಎಲ್ಲಿಗೆ ಹೋಗುತ್ತೆ” ಎಂದು ಜನ ನಗುತ್ತಾರೆ. ಕೊನೆಗೆ ಉಳಿದದ್ದು ಒಂದು ಪುಟ್ಟ ಕಡಲತೀರ. ಅಲ್ಲಿ ನೀರಿನಂಚಿನವರೆಗೂ ಹಲಗೆ ಹಾಸಿದ್ದಾರಂತೆ, ಗಾಲಿಕುರ್ಚಿ ಸಲೀಸಾಗಿ ಉರುಳುತ್ತದಂತೆ. ಅದರ ಚಿತ್ರವನ್ನು ಭಾವ ಸಂಜೆ ತಂದು, ಕಾಲು ಸ್ವಾಧೀನವಿಲ್ಲದ ಹೆಂಡತಿಯ ತೊಡೆಯ ಮೇಲಿಡುತ್ತಾರೆ. ಆಕೆ ಬಹಳ ಹೊತ್ತು ನೋಡಿ, “ಎಲ್ಲಾ ಸರಿ, ನಮ್ಮನೆ ಮೆಟ್ಟಿಲು ಎಣಿಸಿದ್ರಾ? ನಾನಂತೂ ಮೂಟೆ ಥರ ಯಾರ ಬೆನ್ನ ಮೇಲೂ ಇಳಿಯೋಳಲ್ಲ” ಎನ್ನುತ್ತಾರೆ. ಎಣಿಸಿದ್ದಾರೆ. ಲಿಫ್ಟಿಲ್ಲದ ಹಳೇ ಕಟ್ಟಡ, ನಾಲ್ಕನೇ ಮಹಡಿ, ಎಪ್ಪತ್ತೆರಡು ಮೆಟ್ಟಿಲು. ಊರಿನ ಲಿಫ್ಟುಗಳನ್ನೆಲ್ಲ ಓಡಿಸಿ ಬರುವ ಭಾವ, ಒಂದಾದರೂ ಕಡಿಮೆಯಾಗಿದೆಯೇನೋ ಎಂಬಂತೆ, ದಿನಾ ಹತ್ತುವಾಗ ಮತ್ತೆ ಎಣಿಸುತ್ತಾರೆ.