ಕುಡಗೋಲು ಕಾಸಿ ಅದ್ದಿದ ಮಜ್ಜಿಗೆ

ರಾಜೇಸಾಬನಿಗೆ ರೋಗ ತಂದದ್ದು ವೈರಸ್. ಅದಕ್ಕೆ ಮೇವು ಹಾಕಿದವಳು ಅವನ ಹೆಂಡತಿ. ಗಂಡನ ಮೇಲೆ ಜೀವ ಇಟ್ಟುಕೊಂಡೇ ಹಾಕಿದಳು.

ಗದಗ ಹೊಸ ಜಿಲ್ಲೆಯಾದ ಮೇಲಿನ ವರ್ಷಗಳವು. ನಾನು ಊರಿನ ಒಂದು ದವಾಖಾನೆಯಲ್ಲಿ ಗಂಡಸರ ವಾರ್ಡಿನ ಆಯಾ. ಅಲ್ಲಿಗೆ ಸೇರಿದ್ದ ರಾಜೇಸಾಬ ಬೆಟಗೇರಿಯಲ್ಲಿ ಗಾದಿ ಹೊಲಿಯುವವನು. ಹೆಪಟೈಟಿಸ್ ಎಂಬ ಲಿವರ್ ಬೇನೆ ಅವನಲ್ಲಿ ಬಹುಕಾಲದಿಂದ ಬೇರೂರಿತ್ತು. ರಕ್ತ ತಪಾಸಣೆಯಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಬಿದ್ದ ಕಬ್ಬಿಣದ ಅಳತೆ, ಏರುತ್ತಲೇ ಇತ್ತು. ಡಾಕ್ಟರರು ನನಗೂ ತಿಳಿಯುವಂತೆ ಹೇಳಿದರು: ಊಟದಿಂದ ಬರುವ ಕಬ್ಬಿಣಕ್ಕೆ 'ಸಾಕು' ಎನ್ನುವುದು ಲಿವರಿನ ಕೆಲಸ, ವೈರಸ್ ಹೊಕ್ಕ ಲಿವರ್ ಅದನ್ನು ಸರಿಯಾಗಿ ಹೇಳಲಾರದು. ಆಗ ಕಬ್ಬಿಣ ಅಲ್ಲೇ ಕೂತು ಲಿವರನ್ನು ಗಟ್ಟಿ ಮಾಡುತ್ತದೆ. ಪೂರಾ ಗಟ್ಟಿಯಾದರೆ ಮನುಷ್ಯ ಉಳಿಯುವುದು ಕಷ್ಟ. ರಕ್ತಕ್ಕೆಂದು ಅವನು ಕುಡಿಯುತ್ತಿದ್ದ ಕಬ್ಬಿಣದ ಟಾನಿಕ್ ಬಿಡಿಸಿದರು. ಆದರೂ ಅಳತೆ ಇಳಿಯಲಿಲ್ಲ.

ಒಂದು ಮಧ್ಯಾಹ್ನ ರಾಜೇಸಾಬ ಮನೆಯಿಂದ ಬಂದ ಡಬ್ಬಿಯನ್ನು ನನ್ನ ಮುಂದೆ ಸರಿಸಿದ.

"ಆಯಮ್ಮಾ, ಈ ಮಜ್ಜಿಗಿ ನೀವ ಕುಡದುಬಿಡ್ರಿ. ಹಂಗ ಉಳಿಸಿದ್ರ ಬೀಬಿ ಮಾರಿ ಸಣ್ಣದು ಮಾಡ್ತಾಳ್ರಿ."

"ಯಾಕ, ಹುಳಿ ಆಗೇತೇನು?"

"ಹುಳಿ ಅಲ್ರಿ. ಕುಡಗೋಲು ಕೆಂಪಗ ಕಾಸಿ ಇದರಾಗ ಚುರ್ರಂತ ಅದ್ದತಾಳ್ರಿ. ರಕ್ತ ಆಗತೈತಂತ. ಬಿಡಿಸಿದ ಟಾನಿಕ್ಕೂ ಇದರಾಗ ಐತ್ರಿ."

"ಡಾಕ್ಟರ್ ಮುಂದ ಯಾಕ ಹೇಳಲಿಲ್ಲೋ ಮಾರಾಯಾ?"

"ಆಕಿಗೆ ಬೈತಾರಲ್ರಿ!"

ತಾನು ಸತ್ತರೂ ಆದೀತು, ಹೆಂಡತಿ ಬೈಸಿಕೊಳ್ಳಬಾರದು. ಅವನ ವಿಚಾರ ಇಷ್ಟೇ. ನಾನು ನೇರ ಹೋಗಿ ಡಾಕ್ಟರರಿಗೆ ಹೇಳಿದೆ. ಅವರು ಯಾರಿಗೂ ಬೈಯಲಿಲ್ಲ. ಕುಡಗೋಲಿನ ಕಬ್ಬಿಣ ಮಜ್ಜಿಗೆಗೆ ಇಳಿಯುತ್ತದೆ, ಅದು ಇವತ್ತೇ ನಿಲ್ಲಲಿ, ಊಟದ ಜೊತೆ ಹಾಲಿಲ್ಲದ ಚಹಾ ಕುಡಿಯಲಿ, ಮೈ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ ಎಂದರು.

ಸಂಜೆ ಅವನ ಹೆಂಡತಿ ಬೀಬಿಜಾನ್ ಬಂದಳು. ಬಾಗಿಲಲ್ಲೇ ತಡೆದು ಎಲ್ಲ ಹೇಳಿದೆ.

"ನಿನಗ ಗಂಡ ಬೇಕೋ, ಮಜ್ಜಿಗಿ ಬೇಕೋ?"

"ಅವರ ಮಾರಿ ನೋಡ್ರಿ, ಹೆಂಗ ಬಿಳಚಿಕೊಂಡೈತಿ! ನಾ ಸುಮ್ನ ಕೈ ಕಟ್ಟಿ ಕುಂಡ್ರಲೇನ್ರಿ?" ಎಂದು ಅತ್ತಳು.

ಅಳುವವರನ್ನು ರಮಿಸುವುದು ನನಗೆ ಬರುವುದಿಲ್ಲ. ಆದರೆ ವಾರ್ಡು ನನಗೆ ಕಲಿಸಿದ್ದು ಇದು: ಆರೈಕೆ ಮಾಡುವವರ ಕೈಯಿಂದ ಒಂದನ್ನು ಕಸಿದರೆ ಇನ್ನೊಂದನ್ನು ಕೊಡಬೇಕು. ಖಾಲಿ ಕೈ ಹಳೆಯದನ್ನೇ ಹುಡುಕಿಕೊಂಡು ಹೋಗುತ್ತದೆ.

ಮರುದಿನ ಮುಂಜಾನೆ ನನ್ನ ಮನೆಯ ಅಲ್ಯೂಮಿನಿಯಂ ಪಾತೇಲಿ, ಚಹಾಪುಡಿ ತಂದು ಬೀಬಿಜಾನಳ ಮುಂದಿಟ್ಟೆ. ಸ್ಟೋವ್ ಹಚ್ಚಿ, "ಕುದಸವಾ, ನಿನ್ನ ಕೈಯಿಂದನ ಕುಡಸು," ಎಂದೆ.