ಕೆಮ್ಮಿಗೆ ಕೊಟ್ಟ ಮುಡಿ

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹೆಂಗಸರಿಗೆ ಕೀಮೋ ಕೊಡುವ ವಾರ್ಡಿನ ಬಾಗಿಲಲ್ಲಿ, ಒಂದು ಕಾಲು ಒಳಗೂ ಒಂದು ಕಾಲು ಹೊರಗೂ ಇಟ್ಟು, ಎಡಗೈಯನ್ನು ಚೌಕಟ್ಟಿಗೆ ಅಡ್ಡಲಾಗಿ ಚಾಚಿಕೊಂಡು ನಾನು ನಿಂತಿದ್ದೆ. ಕಾರ್ತಿಕದ ಒಂದು ಸೋಮವಾರ. ತಿಂಡಿಯ ತಟ್ಟೆಗಳನ್ನು ಎತ್ತಿಕೊಂಡು ಹೋಗಿದ್ದರು, ಊಟದ ಗಾಡಿ ಇನ್ನೂ ಬಂದಿರಲಿಲ್ಲ. ನಾನು ನಿಂತ ಜಾಗದಿಂದ ಎದುರುಗೋಡೆಯ ಉದ್ದಕ್ಕೂ ಇದ್ದ ಮಂಚಗಳೆಲ್ಲ ಕಾಣುತ್ತಿದ್ದವು. ಕಿಟಕಿಯ ಪಕ್ಕದ ಮಂಚ ನನ್ನ ಅಕ್ಕ ಗೌರಮ್ಮನದು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದಿನದನ್ನು ಕೇಳಿದ ಗೆಳೆಯರು ಕೆಲವರು, ಮೇಷ್ಟ್ರು ನಿವೃತ್ತರಾದ ಮೇಲೆ ಕಥೆ ಕಟ್ಟುವುದನ್ನು ಕಲಿತಿದ್ದಾರೆ ಎಂದು ನಕ್ಕಿದ್ದಾರೆ. ಕಟ್ಟುವ ಶಕ್ತಿ ನನಗಿಲ್ಲ. ನಾನು ನಂಜನಗೂಡಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು; ನನ್ನ ಆಯುಷ್ಯದ ಬಹುಭಾಗ ಮಕ್ಕಳ ನಾಲಿಗೆಯಿಂದ ಬಿದ್ದುಹೋದ ಹಕಾರವನ್ನು ಹೆಕ್ಕಿ ಮತ್ತೆ ಅವರ ಬಾಯಿಗೇ ಇಡುವುದರಲ್ಲಿ ಕಳೆದಿದೆ.

ಕೈ ಅಡ್ಡ ಹಿಡಿದದ್ದು ಅಕ್ಕನ ಅತ್ತೆ ಮಾದಮ್ಮನವರನ್ನು ತಡೆಯಲು. ಎಂಬತ್ತು ದಾಟಿದ ಆ ಮುದುಕಿಯನ್ನು ಏಕೆ ತಡೆಯಬೇಕಿತ್ತು ಎಂಬುದು ತಿಳಿಯಬೇಕಾದರೆ, ಒಂದು ದೀರ್ಘ ಹೋಗಿ ಒಂದು ಒತ್ತಕ್ಷರ ಬಂದ ಕಥೆಯನ್ನು ಕೇಳಬೇಕು.

ಅಕ್ಕ ನಂಜನಗೂಡಿನಲ್ಲಿ ಹುಟ್ಟಿ ತಿ. ನರಸೀಪುರಕ್ಕೆ ಸೊಸೆಯಾಗಿ ಹೋದವಳು. ಭಾವ ಶಿವಣ್ಣನವರದು ಅಲ್ಲಿ ಹಿಟ್ಟಿನ ಗಿರಣಿ. ಅವರ ತಾಯಿ ಮಾದಮ್ಮಜ್ಜಿ ಬಹುಕಾಲ ಆ ಗಿರಣಿಯ ಗಡಗಡಿಸುವ ಬೆಲ್ಟಿನ ಪಕ್ಕದಲ್ಲೇ ಕೂತು ರಾಗಿ ತಂದವರ ಕಷ್ಟಸುಖ ವಿಚಾರಿಸಿಕೊಂಡಿದ್ದರಿಂದ ಕಿವಿ ಮಂದವಾಗಿತ್ತು. ಅಕ್ಕನ ಎದೆಯ ಗಂಟು ಎಂಥದೆಂದು ಪರೀಕ್ಷೆಯಲ್ಲಿ ಗೊತ್ತಾದಾಗ ನಮಗೆಲ್ಲ ಮೊದಲು ನೆನಪಾದದ್ದು ಈ ಅಜ್ಜಿಯೇ. ಅವರ ಹಿರಿಯ ಮಗಳನ್ನು ಕೊಂಡುಹೋದದ್ದು ಅದೇ ಕಾಯಿಲೆ. ಆಮೇಲೆ ಆ ಮನೆಯಲ್ಲಿ ಅದರ ಹೆಸರನ್ನು ಯಾರೂ ಆಡಿದ್ದಿಲ್ಲ. ಸೊಸೆಯನ್ನು ಮೈಸೂರಿಗೆ ಏಕೆ ಕರೆದುಕೊಂಡು ಹೋಗುತ್ತೀರಿ ಎಂದು ಅಜ್ಜಿ ಕೇಳಿದಾಗ, ಭಾವ ಕಾಯಿಲೆಯ ಹೆಸರನ್ನು ನುಂಗಿಕೊಂಡು ಚಿಕಿತ್ಸೆಯ ಹೆಸರನ್ನು ಮಾತ್ರ ಕಿವಿಯಲ್ಲಿ ಕೂಗಿದರು.

“ಕೀಮೋ ಕಣವ್ವಾ, ಕೀಮೋ!”

“ಕೆಮ್ಮಾ? ಕೆಮ್ಮಿಗ್ಯಾಕ್ಲಾ ಮೈಸೂರು? ನಾನಿಲ್ವಾ?”

ಭಾವ ಅದನ್ನು ತಿದ್ದಲಿಲ್ಲ. ಆ ಕೆಮ್ಮೇ ಮನೆಯವರೆಲ್ಲರ ಒಪ್ಪಂದವಾಗಿಬಿಟ್ಟಿತು.

ಅಂದಿನಿಂದ ನಮ್ಮ ಕಷ್ಟಕ್ಕೆ ಒಂದು ವಿಚಿತ್ರವಾದ ಅನುಬಂಧ ಅಂಟಿಕೊಂಡಿತು. ಆಸ್ಪತ್ರೆಗೆ ಹತ್ತಿರವೆಂದು ಅಕ್ಕ ನಂಜನಗೂಡಿನ ನನ್ನ ಮನೆಯಲ್ಲಿ ಉಳಿದಳು. ಭಾವ ಬರುವಾಗಲೆಲ್ಲ ಅವರ ಚೀಲದಲ್ಲಿ ಅಳಲೆಕಾಯಿ, ಹಿಪ್ಪಲಿ, ಒಣಗಿದ ತುಳಸಿ, ಬಾಳೆಲೆಯಲ್ಲಿ ಸುತ್ತಿದ ದೊಡ್ಡಪತ್ರೆ ಇರುತ್ತಿದ್ದವು. ಮೊಸರು ಮುಟ್ಟಬಾರದು, ತಣ್ಣೀರಲ್ಲಿ ಕೈಯಾಡಿಸಬಾರದು ಎಂಬ ಕಟ್ಟಪ್ಪಣೆಗಳೂ ಜೊತೆಗೆ. ವಾಂತಿಯಿಂದ ಬಳಲಿ ಗಂಜಿಯನ್ನೂ ಒಳಗಿಟ್ಟುಕೊಳ್ಳಲಾಗದೆ, ಒಗ್ಗರಣೆಯ ವಾಸನೆಗೇ ಮುಖ ತಿರುಗಿಸುತ್ತಿದ್ದವಳಿಗೆ ಫೋನು ಬರುತ್ತಿತ್ತು.

“ಎಲ್ಲಿ, ಒಂದ್ಸಲ ಕೆಮ್ಮವ್ವಾ ಕೇಳಾವ.”

ಕೆಮ್ಮೇ ಇಲ್ಲದ ನನ್ನ ಅಕ್ಕ ದಿಂಬಿಗೆ ಒರಗಿ, ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಅತ್ತೆಗಾಗಿ ಕೆಮ್ಮುತ್ತಿದ್ದಳು. ಸುಸ್ತಿನಲ್ಲಿ ಸದ್ದು ಸಾಲದಾದಾಗ ಪಕ್ಕದಲ್ಲಿ ನಿಂತ ನಾನೂ ದನಿಗೂಡಿಸಿದ್ದುಂಟು. ಅತ್ತಲಿಂದ ತೀರ್ಪು ಬರುತ್ತಿತ್ತು: “ಕಪ ಇಳೀತಾ ಅದೆ. ಆದ್ರೆ ಗೌರಿ, ಅದೇನು ಗಂಡಸ್ರ ಕೆಮ್ಮು ಕೆಮ್ತಿದ್ದೀಯೆ?” ಆಗ ಅಕ್ಕ ನಗುತ್ತಿದ್ದಳು. ಆ ದಿನಗಳಲ್ಲಿ ಅವಳನ್ನು ನಗಿಸುತ್ತಿದ್ದದ್ದು ಈ ಸುಳ್ಳು ಕೆಮ್ಮೊಂದೇ.

ನನ್ನ ಪಾತ್ರ ಇಷ್ಟಕ್ಕೇ ನಿಲ್ಲಲಿಲ್ಲ. ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಅರ್ಧ ವೈದ್ಯನಾಗಿದ್ದೆ. ಉಳಿದರ್ಧವನ್ನು ವೈದ್ಯರಿಗೇ ಕಲಿಸಲು ಹೊರಟಿದ್ದೆ. ಆ ಡಾಕ್ಟರಮ್ಮ ಒಂದು ದಿನ ಕನ್ನಡಕ ತೆಗೆದು, “ಮೇಷ್ಟ್ರೇ, ನಿಮ್ಮ ಸ್ಕೂಲಿಗೆ ಬಂದು ನಾನು ಸಂಧಿ ಸಮಾಸ ಪಾಠ ಮಾಡ್ಲಾ?” ಎಂದ ಮೇಲೆ ಸುಮ್ಮನಾದೆ. ಅವರೇ ಮೊದಲ ದಿನ, ಈ ಔಷಧಿ ಒಂದು ಬಗೆಯ ವಿಷವೇ, ಕೆಟ್ಟದ್ದನ್ನು ಸುಡುವಾಗ ಒಳ್ಳೆಯದನ್ನೂ ಸ್ವಲ್ಪ ಸುಡುತ್ತದೆ, ಕೂದಲು ಹೋಗುತ್ತದೆ ಎಂದು ಬಿಡಿಸಿ ಹೇಳಿದ್ದರು. ಆಗ ಭಾವ ಧೈರ್ಯ ತಂದುಕೊಂಡು, “ಕೊಡಿ ಮೇಡಂ ಅತ್ಲಾಗೆ. ಇವ್ಳು ನಂಜುಂಡಪ್ಪನ ಊರಿನ ಎಣ್ಣು. ನಂಜು ಉಂಡು ಅರಗಿಸ್ಕಂಡೋನ ಊರು ಅದು” ಎಂದಿದ್ದರು. ಹೊರಗೆ ಬಂದು, ನೀರಿನ ನಲ್ಲಿಯ ಹತ್ತಿರ ಮುಖ ತೊಳೆಯುವವರಂತೆ ಬಹಳ ಹೊತ್ತು ಬಾಗಿ ನಿಂತಿದ್ದರು.

ಅಕ್ಕನ ಕೂದಲು ಮೊಳಕಾಲು ಮುಟ್ಟುತ್ತಿತ್ತು. ಅದು ಹೋದ ಬಗೆಯನ್ನು ನಾನು ಬರೆಯಲಾರೆ. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿದ್ದನ್ನು ನನ್ನ ಹೆಂಡತಿ ಅವಳ ಕಣ್ಣಿಗೆ ಬೀಳದಂತೆ ತೆಗೆಯುತ್ತಿದ್ದಳು. ಅಕ್ಕ ತೆಗೆಯುವುದನ್ನು ನೋಡದವಳಂತೆ ಇರುತ್ತಿದ್ದಳು. ನನ್ನ ತಲೆಯೂ ಬೋಳೇ, ಆದರೆ ಅದನ್ನು ಯಾವ ದೇವರೂ ಕೇಳಿ ಪಡೆದದ್ದಲ್ಲ, ನಾನಾಗಿ ಕೊಟ್ಟದ್ದೂ ಅಲ್ಲ. ಹೇಳದೆ ಕೇಳದೆ ಹೋಯಿತು. ಈ ಹಾಸ್ಯವನ್ನು ಅಕ್ಕನ ಮುಂದೆ ಒಮ್ಮೆ ಆಡಿ, ಅವಳ ಮುಖ ನೋಡಿ, ಮತ್ತೆ ಆಡಲಿಲ್ಲ.

ಆ ಸೋಮವಾರಕ್ಕೆ ಮುಂಚಿನ ಸಲದ ಔಷಧಿ ಅವಳನ್ನು ತೀರ ಹಣ್ಣು ಮಾಡಿತ್ತು. ಬಾಯೆಲ್ಲ ಹುಣ್ಣು. ಸ್ವಲ್ಪ ಚೇತರಿಸಿಕೊಂಡಾಗ ಅವಳು ಹೇಳಿದ್ದು ಒಂದೇ ಮಾತು: “ಸಾಕು ಕಣೋ. ನನ್ನ ಕೈಲಾಗಲ್ಲ. ಊರಿಗೋಗ್ತೀನಿ.” ಇನ್ನೂ ಅರ್ಧ ಚಿಕಿತ್ಸೆ ಉಳಿದಿತ್ತು. ನಾನು ಓದಿದ್ದೆಲ್ಲವನ್ನೂ ಹೇಳಿದೆ, ಹೆಂಡತಿ ಅತ್ತಳು, ಭಾವ ಗದರಿದರು, ಆಮೇಲೆ ಕೈಮುಗಿದರು. ಯಾವುದೂ ತಾಕಲಿಲ್ಲ. ಡಾಕ್ಟರಮ್ಮನಿಗೆ ತಾನೇ ಹೇಳಿ ಬರುತ್ತೇನೆಂದು ಮಾತ್ರ ಒಪ್ಪಿ, ಅಕ್ಕ ಅಂದು ಬೆಳಿಗ್ಗೆ ನನ್ನ ಜೊತೆ ಬಂದಿದ್ದಳು. ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು ಮಂಚದ ಮೇಲೆ ಕೂತು, ಟ್ರೇ ಹಿಡಿದು ಬಂದ ಸಿಸ್ಟರಿಗೆ, “ಬ್ಯಾಡ ಕಣಮ್ಮಾ. ಡಾಕ್ಟ್ರು ಬರ್ಲಿ, ಮಾತಾಡ್ಬೇಕು” ಎಂದಳು.

ಆಗಲೇ ನನ್ನ ಫೋನು ಬಡಿದುಕೊಂಡಿತು. ಭಾವನ ಧ್ವನಿ, ಹಿಂದೆ ಬಸ್ಸಿನ ಗದ್ದಲ. “ಮೇಷ್ಟ್ರೇ, ಕೆಟ್ಟೋ. ಅವ್ವ ಬತ್ತಾ ಅವ್ಳೆ.”

ನಡೆದದ್ದು ಇಷ್ಟು. ಅಜ್ಜಿ ನಸುಕಿನಲ್ಲೇ ಮಗನನ್ನು ಎಬ್ಬಿಸಿ ಮೊದಲ ಬಸ್ಸಿಗೆ ನಂಜನಗೂಡಿಗೆ ಹೊರಡಿಸಿದ್ದರು. ದೇವರ ದರ್ಶನವೆಂದು ಭಾವ ನಂಬಿದ್ದರು. ಹೊಳೆಯ ದಡಕ್ಕೆ ಹೋದ ಮೇಲೆ ಅಜ್ಜಿ ನೇರವಾಗಿ ಮುಡಿಕಟ್ಟೆಯ ಮೇಲೆ ಹೋಗಿ ಕೂತು, ಸೊಸೆಯ ಕೆಮ್ಮು ವಾಸಿಯಾಗಲೆಂದು ತಮ್ಮ ಬೆಳ್ಳಗಿನ ತುರುಬನ್ನು ಬಿಚ್ಚಿದ್ದರು. ಹರಕೆಯ ಮುಡಿ ಕೊಡುವುದು ಕೆಲಸವಾದ ಮೇಲಲ್ಲವೇ ಎಂದು ಭಾವ ತಡೆಯಹೋದರೆ, “ಆದ್ಮೇಲೆ ಕೊಡೋದು ಯಾಪಾರ ಕಣ್ಲಾ. ಮುಂಚೇನೇ ಕೊಟ್ಬುಟ್ರೆ ಅವ್ನೂ ಮುಲಾಜಿಗೆ ಬೀಳ್ತಾನೆ” ಎಂದರಂತೆ. ಸ್ನಾನ, ಪೂಜೆ ಮುಗಿದ ಮೇಲೆ, ಸೊಸೆ ಆಸ್ಪತ್ರೆಗೆ ಹೋಗಿದ್ದಾಳೆಂದು ಮಗನಿಂದ ತಿಳಿದು, ಪ್ರಸಾದವನ್ನು ತಾನೇ ಅವಳ ಕೈಗೆ ಕೊಡಬೇಕೆಂದು ಮೈಸೂರಿನ ಬಸ್ಸು ಹತ್ತಿದ್ದರು.

ಹಾಗಾಗಿ ನಾನು ಬಾಗಿಲಿಗೆ ಅಡ್ಡ ನಿಂತೆ. ಅಕ್ಕನ ಬೋಳುತಲೆಯನ್ನು ಕಂಡರೆ, ಮಗಳ ತಲೆಯನ್ನು ಕಂಡಿದ್ದ ಆ ತಾಯಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಒಬ್ಬಳು ಚಿಕಿತ್ಸೆ ಬಿಡುವುದನ್ನೂ ಇನ್ನೊಬ್ಬರು ನೆಲಕ್ಕೆ ಬೀಳುವುದನ್ನೂ ಒಂದೇ ಬೆಳಿಗ್ಗೆ ನೋಡಬೇಕಾದೀತೆಂದು ಚೌಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ. ಕಾರಿಡಾರಿನ ಕೊನೆಯಲ್ಲಿ ಭಾವ, ಅವರ ಮುಂದೆ ತಲೆಯ ತುಂಬ ಸೆರಗು ಹೊದ್ದ ಅಜ್ಜಿ ಕಾಣಿಸಿದರು. ಸೋಂಕಿನ ವಿಷಯ, ಆಸ್ಪತ್ರೆಯ ನಿಯಮ, ಎಲ್ಲವನ್ನೂ ಶುದ್ಧ ವ್ಯಾಕರಣದಲ್ಲಿ ಸಿದ್ಧಮಾಡಿಕೊಂಡು ಬಾಯಿ ತೆರೆದೆ. “ಸ್ವಲ್ಪ ಸರ್ಕಳಿ ಮೇಷ್ಟ್ರೇ” ಎಂದು ಅಜ್ಜಿ ನನ್ನ ಕೈಯ ಕೆಳಗೆ ನುಸುಳಿ ಒಳಗೆ ಹೋಗಿಬಿಟ್ಟರು.

ಇಲ್ಲಿಂದ ಮುಂದೆ ನಾನು ಕಂಡಷ್ಟನ್ನೇ, ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಅತ್ತೆಯನ್ನು ನೋಡಿ ಅಕ್ಕ ಬೆಚ್ಚಿ, ಹೊದಿಕೆಯನ್ನು ಮೇಲೆ ಎಳೆದುಕೊಳ್ಳಹೋದಳು. ಹೊದಿಕೆಯ ಅಂಚಿಗೆ ಸಿಕ್ಕಿ ಸ್ಕಾರ್ಫ್ ಸರಿದು ಭುಜಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಸಿಸ್ಟರ್ ಟ್ರೇ ಹಿಡಿದಂತೆಯೇ ನಿಂತರು. ಅಜ್ಜಿ ಸೊಸೆಯ ತಲೆಯನ್ನೇ ನೋಡಿದರು. ಮೇಲಿನ ಬಾಟಲಿಗಳಿಂದ ಹನಿ ಬೀಳುವುದು ನನಗೆ ಕಾಣುತ್ತಿತ್ತು. ಆಮೇಲೆ ಅಜ್ಜಿ ತಮ್ಮ ಸೆರಗನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಗಂಧ ಬಳಿದ, ಆಗಷ್ಟೇ ಬೋಳಿಸಿದ ತಲೆ.

“ಅಯ್ಯೋ ಕೂಸೇ, ನೀನೂ ಕೊಟ್ಬುಟ್ಯಾ? ನನ್ಗೊಂದು ಮಾತು ಏಳ್ಬಾರ್ದಿತ್ತಾ? ಇಬ್ರೂ ಒಟ್ಗೇ ಓಗ್ಬತ್ತಿದ್ವಲ್ಲವ್ವಾ!”

ಅಜ್ಜಿ ಹತ್ತಿರ ಹೋಗಿ ಸೊಸೆಯ ತಲೆಯ ಮೇಲೆ ಅಂಗೈ ಆಡಿಸಿದರು.

“ಎಷ್ಟು ನುಣ್ಗೆ ತೆಗ್ದವ್ನೆ! ನನ್ಗೆ ನೋಡು, ಅಲ್ಲಲ್ಲೇ ಗೀರಾಕವ್ನೆ. ನಿನ್ಗೆ ತೆಗ್ದೋನು ಯಾವನು, ಎಸ್ರೇಳು.”

ಯಾರೋ ಫಕ್ಕನೆ ನಕ್ಕರು. ಅಜ್ಜಿ ಆ ಕಡೆ ತಿರುಗಿದರು. ಆಗ ಅವರ ಕಣ್ಣಿಗೆ ಇಡೀ ಸಾಲು ಬಿತ್ತು: ಸ್ಕಾರ್ಫ್, ಟೋಪಿ, ಸೆರಗು, ಅವುಗಳ ಅಂಚಿನಲ್ಲಿ ಕೂದಲಿಲ್ಲದ ಹಣೆಗಳು. ಅವರ ಮುಖದಲ್ಲಿ ಮೂಡಿದ್ದು ಭಯವಲ್ಲ, ಅನುಮಾನವೂ ಅಲ್ಲ. ಅದೊಂದು ದೊಡ್ಡ ಬೆರಗು.

“ಇವ್ರೆಲ್ಲಾನೂ ನಂಜನಗೂಡ್ಗೇ ಓಗ್ಬಂದವ್ರಾ?”

ಅಕ್ಕನ ಪಕ್ಕದ ಮಂಚದಲ್ಲಿ ಹುಲ್ಲಹಳ್ಳಿಯ ಜಯಮ್ಮ ಎಂಬಾಕೆ ಇದ್ದರು. ಕೈಗೆ ಸೂಜಿ ಚುಚ್ಚಿತ್ತು, ಕೆಂಪು ಔಷಧಿ ಇಳಿಯುತ್ತಿತ್ತು. ಅವರು ಇನ್ನೊಂದು ಕೈಯಿಂದ ತಮ್ಮ ಸ್ಕಾರ್ಫಿನ ಗಂಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಹೇಳಿದರು: “ಊಂ ಕಣಜ್ಜಿ. ಎಲ್ರುದೂ ಒಂದೇ ಅರಕೆ.”

ಅವರ ಆಚೆಯವರು ಟೋಪಿ ತೆಗೆದರು. ಆಮೇಲೆ ಅವರಾಚೆಯವರು. ಕನ್ನಡಿಯನ್ನು ಕಂಡರೆ ಮುಖ ತಿರುಗಿಸುತ್ತಿದ್ದ, ಗಂಡನ ಎದುರೂ ತಲೆ ಮುಚ್ಚಿಕೊಳ್ಳುತ್ತಿದ್ದ ಹೆಂಗಸರು ಆ ಬೆಳಕಿನಲ್ಲಿ ಒಬ್ಬೊಬ್ಬರಾಗಿ ತಲೆ ತೆರೆದರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಅಜ್ಜಿ ಸೊಂಟದಿಂದ ಪ್ರಸಾದದ ಗಂಧದ ಪೊಟ್ಟಣ ತೆಗೆದರು. ಸಿಸ್ಟರಿಗೆ ಎಚ್ಚರವಾಗಿ, “ಅಜ್ಜೀ, ಕೈ ತೊಳ್ಕೊಳ್ದೆ ಯಾರ್ನೂ ಮುಟ್ಬೇಡಿ” ಎಂದು ಅವರ ಅಂಗೈಗೆ ಔಷಧಿಯ ನೀರು ಸುರಿದರು. “ಇದ್ಯಾವ ತೀರ್ಥವಪ್ಪಾ, ಇಷ್ಟು ತಣ್ಗದೆ” ಎನ್ನುತ್ತ ಅಜ್ಜಿ ಕೈ ಉಜ್ಜಿಕೊಂಡು, ಮಂಚದಿಂದ ಮಂಚಕ್ಕೆ ಹೋಗಿ ಒಂದೊಂದು ನೆತ್ತಿಗೂ ಬೆರಳತುದಿಯಷ್ಟು ಗಂಧ ಇಟ್ಟರು. “ತಂಪಾಗಿರವ್ವಾ. ನಿನ್ಗೂ ಕೆಮ್ಮಾ? ಓಯ್ತದೆ ಬುಡು.” ಬೆರಳು ತಾಕುವಾಗ ಆ ಹೆಂಗಸರು ಕಣ್ಣು ಮುಚ್ಚುತ್ತಿದ್ದರು.

ಎಳೆವಯಸ್ಸಿನಿಂದ ನಂಜನಗೂಡಿನ ಗರ್ಭಗುಡಿಯ ಮುಂದೆ ಎಷ್ಟೋ ಮಂಗಳಾರತಿ ನೋಡಿದವನು ನಾನು. ಅಲ್ಲಿ ಬಾರದ ಭಯಭಕ್ತಿ ಆ ಫಿನಾಯಿಲಿನ ವಾಸನೆಯಲ್ಲಿ, ಚೌಕಟ್ಟಿಗೆ ಆತು ನಿಂತಾಗ ಬಂತು. ಕೆಮ್ಮು ಎಂದು ತಿಳಿದೇ ತುರುಬನ್ನು ಕೊಟ್ಟ ಈ ಮುದುಕಿ, ನಿಜದ ಹೆಸರು ಗೊತ್ತಿದ್ದರೆ ಏನನ್ನು ಕೊಡುತ್ತಿದ್ದರು ಎಂದು ಯೋಚಿಸಹೊರಟು, ಹೆದರಿ ನಿಲ್ಲಿಸಿದೆ. ಸಣ್ಣ ಕಾಯಿಲೆಗೆ ಸಣ್ಣ ಕಾಣಿಕೆ, ದೊಡ್ಡದಕ್ಕೆ ದೊಡ್ಡದು ಎಂಬ ನನ್ನ ಲೆಕ್ಕ ಅವರಿಗೆ ತಿಳಿದೇ ಇರಲಿಲ್ಲ. ಸೊಸೆಗೆ ಕೆಮ್ಮು, ಅಷ್ಟು ಸಾಕಿತ್ತು. ಒಂದಕ್ಷರವನ್ನು ತಿದ್ದದೆ ಬಿಟ್ಟದ್ದು ಮೇಷ್ಟರ ಕಸುಬಿಗೆ ಕುಂದೇ ಇರಬಹುದು. ಆ ಹೊತ್ತು ಯಾರಾದರೂ ಅದನ್ನು ತಿದ್ದಹೊರಟಿದ್ದರೆ ನಾನೇ ಅವರ ಬಾಯಿ ಮುಚ್ಚುತ್ತಿದ್ದೆ.

ಅಜ್ಜಿ ಸಾಲಿನ ಕೊನೆ ಮುಟ್ಟಿದಾಗ ಅಕ್ಕ ಮಂಚದಲ್ಲಿ ಸರಿಯಾಗಿ ಒರಗಿ ತೋಳು ಚಾಚಿದಳು.

“ಚುಚ್ಚಮ್ಮಾ ಸಿಸ್ಟರ್.”

“ಡಾಕ್ಟ್ರ ಹತ್ರ ಮಾತಾಡ್ಬೇಕು ಅಂದ್ರಲ್ಲ?”

“ಏನ್ ಮಾತಾಡ್ಲಿ? ಅತ್ತೆ ಮುಡಿ ಕೊಟ್ಟೇಬುಟ್ಟವ್ರಲ್ಲ. ಈಗ ವಾಪಸ್ ಈಸ್ಕಳಕ್ಕಾಯ್ತದಾ?”

ಸಿಸ್ಟರ್ ನರ ಹುಡುಕಿದರು. ಒಂದೆರಡು ಕಡೆ ಸಿಗಲಿಲ್ಲ, ಆಮೇಲೆ ಸಿಕ್ಕಿತು. ಅಕ್ಕ ಮುಖ ಕಿವುಚಲಿಲ್ಲ. ಸಾಲಿನ ಆ ತುದಿಯಲ್ಲಿದ್ದ ಅತ್ತೆಯನ್ನೇ ನೋಡುತ್ತಿದ್ದಳು. ಉಳಿದ ಔಷಧಿಯನ್ನೆಲ್ಲ ಅವಳು ತೆಗೆದುಕೊಂಡಳು. ಅವುಗಳಲ್ಲಿ ಯಾವುದೂ ಸುಲಭವಾಗಿರಲಿಲ್ಲ.

ಮಾದಮ್ಮಜ್ಜಿ ಈಗಿಲ್ಲ. ವಯಸ್ಸು ತುಂಬಿ, ನರಸೀಪುರದ ಮನೆಯಲ್ಲಿ, ಸೊಸೆಯ ಕೈಯ ನೀರು ಕುಡಿದು ಹೋದರು. ಕಾಯಿಲೆಯ ಹೆಸರು ಕೊನೆಗೂ ಅವರಿಗೆ ತಿಳಿಯಲಿಲ್ಲ. ಹುಲ್ಲಹಳ್ಳಿಯ ಜಯಮ್ಮನವರೂ ಇಲ್ಲ. ನಾನು ಹೇಳಿದ್ದನ್ನೆಲ್ಲ ಅಂದು ಕಣ್ಣಾರೆ ಕಂಡು ಇಂದು ಇರುವವರ ಹೆಸರು ಕೊಡುತ್ತೇನೆ, ಸಂಶಯವಿದ್ದವರು ಕೇಳಬಹುದು: ತಾಯಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನನ್ನ ಹಿಂದೆ ನಿಂತಿದ್ದ ಶಿವಣ್ಣ ಭಾವ, ಈಗ ಬೇರೆ ಊರಿಗೆ ವರ್ಗವಾಗಿರುವ ಸಿಸ್ಟರ್ ಶೈಲಜಾ, ಜಯಮ್ಮನವರ ಆಚೆಯ ಮಂಚದಲ್ಲಿ ಟೋಪಿ ತೆಗೆದ ತಲಕಾಡಿನ ರತ್ನಮ್ಮ, ಮತ್ತು ನನ್ನ ಅಕ್ಕ ಗೌರಮ್ಮ.