ಗುಳಿಗೆಗೆ ಅಂಟು ಕಾಯಿಸುವ ಮೈಲಾರಮ್ಮ

ರಾಯದುರ್ಗದ ಅಂಚಿನ ಆ ಸಣ್ಣ ಆಯುರ್ವೇದ ಗುಳಿಗೆ ಕಾರ್ಖಾನೆಯಲ್ಲಿ ಕೋಳಿ ಕೂಗುವ ಹೊತ್ತಿಗೇ ಒಲೆ ಉರಿಯುತ್ತಿದೆ. ಮೈಲಾರಮ್ಮ ಹುಣಸೆ ಬೀಜದ ಹಿಟ್ಟು ಕುದಿಸುತ್ತಾರೆ, ಎರಡು ಬೆರಳ ನಡುವೆ ಒಂದು ತೊಟ್ಟು ಹಿಡಿದು ಎಳೆಯುತ್ತಾರೆ, ಮೂಗು ಮುರಿದು ಮತ್ತೆ ತಿರುವುತ್ತಾರೆ. ಶುಂಠಿ, ಹಿಪ್ಪಲಿಗಳ ಪುಡಿಯನ್ನು ಗುಳಿಗೆಯಾಗಿ ಹಿಡಿದಿಡುವುದು ಈ ಅಂಟು. ಡಬ್ಬಿಯ ಮೇಲೆ ಶುಂಠಿಯ ಹೆಸರು ದಪ್ಪಕ್ಷರದಲ್ಲಿದ್ದರೆ, ಹುಣಸೆ ಬೀಜದ್ದನ್ನು ಓದಲು ಕನ್ನಡಕ ಬೇಕು.

ಐವತ್ತಾರರ ಮೈಲಾರಮ್ಮ ಕಂಬಳಿ ನೇಯುವ ಮನೆಯವರು. ನೂಲಿಗೆ ಇದೇ ಬೀಜದ ಗಂಜಿ ಬಳಿದು ಪಳಗಿದ ಕೈ. ನಾಲ್ಕು ವರ್ಷದ ಹಿಂದೆ ಇಲ್ಲಿ ಸೇರಿದ ಮೊದಲ ವಾರ ಕಂಬಳಿಯ ಹದದಲ್ಲೇ ಅಂಟು ಕಾಯಿಸಿಬಿಟ್ಟರು. ಗುಳಿಗೆ ಒಡೆಯಲಿಲ್ಲ, ಕರಗಲೂ ಇಲ್ಲ. ಮಾಲೀಕ ಯರ್ರಪ್ಪ ಒಂದನ್ನು ಬಿಸಿನೀರಿಗೆ ಹಾಕಿ, ಊಟ ಮುಗಿಸಿ, ನಿದ್ದೆ ತೆಗೆದು ಬಂದು ನೋಡಿದರೆ ಅದು ಲೋಟದ ತಳದಲ್ಲಿ ಮನೆ ಅಳಿಯನಂತೆ ಕದಲದೆ ಕೂತಿತ್ತು.

"ಕಂಬಳಿ ಮಳ್ಯಾಗ ಜಗ್ಗಬಾರ್ದು, ಗುಳಿಗಿ ಹೊಟ್ಯಾಗ ಕರಗಬೇಕು. ಅದನ್ನ ನನಗ ಯಾರು ಹೇಳಿದ್ರರೀ?" ಎಂದು ಮೈಲಾರಮ್ಮ ಈಗಲೂ ವಾದಿಸುತ್ತಾರೆ.

ಅಂದಿನಿಂದ ದಿನಕ್ಕೆ ಎರಡು ಕಿಲೋ ಬೀಜ ಹುರಿದು, ಸಿಪ್ಪೆ ಬಿಡಿಸಿ, ಬೀಸಿ, ನಲವತ್ತು ಸಾವಿರ ಗುಳಿಗೆಗೆ ಅಂಟು ಕೊಡುತ್ತಾರೆ. ಅಂಗೈ ತುಂಬ ಬೊಬ್ಬೆ, ಕಣ್ಣಿಗೆ ಹೊಗೆ.

ಹೊಸದಾಗಿ ಬಂದ ಕೆಮಿಸ್ಟ್ ಅರ್ಚನಾಗೆ ಬೆರಳಿನ ಲೆಕ್ಕ ಹಿಡಿಸಿಲ್ಲ. ಪೇಟೆಯಲ್ಲಿ ಸಿಗುವ ಪ್ಯಾಕೆಟ್ ಅಂಟುಪುಡಿಯೇ ಸಾಕು ಎನ್ನುತ್ತಾರೆ. ಇವತ್ತು ಎರಡಕ್ಕೂ ಪರೀಕ್ಷೆ. ಸೋತರೆ ನಾಳೆಯಿಂದ ಮೈಲಾರಮ್ಮನ ಒಲೆ ಆರುತ್ತದೆ.

ಮೊದಲು ಗಟ್ಟಿತನದ ಪರೀಕ್ಷೆ: ತಿರುಗುವ ಡ್ರಮ್ಮಿನಲ್ಲಿ ಪ್ಯಾಕೆಟ್ ಪುಡಿಯ ಗುಳಿಗೆಗಳ ಅಂಚು ಉದುರುತ್ತದೆ, ಮೈಲಾರಮ್ಮನವು ದುಂಡಗೆ ಹೊರಬರುತ್ತವೆ. ಇನ್ನು ನೀರು. ಹದಿನೈದು ನಿಮಿಷದೊಳಗೆ ಕರಗಬೇಕು. ಐದಾಯಿತು, ಒಂಬತ್ತಾಯಿತು, ಮೈಲಾರಮ್ಮನ ಗುಳಿಗೆ ಮಿಸುಕುವುದಿಲ್ಲ. ಹಳೆಯ ಲೋಟ ನೆನಪಾಗಿ ಯರ್ರಪ್ಪ ಕೆಮ್ಮುತ್ತಾರೆ. ಮೈಲಾರಮ್ಮ ಗಾಜಿನ ಪಾತ್ರೆಗೆ ಮುಖವಿಟ್ಟು ಗುಳಿಗೆಯನ್ನು ಮೆಲ್ಲಗೆ ಬೈಯುತ್ತಾರೆ. ಹನ್ನೊಂದನೆಯ ನಿಮಿಷಕ್ಕೆ ಅದು ಅರಳಿ, ಪುಡಿಪುಡಿಯಾಗಿ ತಳಕ್ಕಿಳಿಯುತ್ತದೆ.

ಅರ್ಚನಾ ನಕ್ಕು ಸೋಲೊಪ್ಪಿ, ಆ ಬೆರಳಿನ ಹದವನ್ನು ಕಲಿಸಿಕೊಡಿ ಎಂದು ಕೇಳುತ್ತಾರೆ. ಫಲಿತಾಂಶ ಬರೆಯಲು ರಿಜಿಸ್ಟರ್ ತೆರೆದಾಗ 'ತಯಾರಿಸಿದವರು' ಎಂಬ ಜಾಗ ನಾಲ್ಕು ವರ್ಷದಿಂದ ಖಾಲಿ ಇರುವುದು ಕಾಣುತ್ತದೆ. ಅಲ್ಲಿ ಕಾರ್ಖಾನೆಯ ಹೆಸರು ಹಾಕಿದರಾಯಿತು ಎನ್ನುತ್ತಾರೆ ಯರ್ರಪ್ಪ. ಮೈಲಾರಮ್ಮ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬರುತ್ತಾರೆ.

"ನನ್ನ ಹೆಸರ ಬರೀರಿ. ನಾಳೆ ಕರಗಲಿಲ್ಲಂದ್ರ, ಬೈಯಾಕ ಬಂದವ್ರು ಯಾರನ್ನ ಹುಡುಕಬೇಕ್ರಿ?"